ಆ ಹಳದಿ ದೀಪ ಹುಟ್ಟಿದ್ದು ನಮ್ಮ ಇಂಜಿನ್‌ಗೋಸ್ಕರ ಅಲ್ಲ

ಇವತ್ತಿನ ಕಥೆ ಶುರುವಾಗೋದು ಶಿರಾಡಿ ಘಾಟಿಯಲ್ಲಿ, ರಾತ್ರಿ ಒಂಬತ್ತೂವರೆಗೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ತಗೊಂಡು ಮೂರು ತಿಂಗಳಾಗಿತ್ತು. ಹಿಂದಿನ ಸೀಟಲ್ಲಿ ಅಪ್ಪ, ಅಮ್ಮ. ಏರು ಜೋರಾಗ್ತಿದ್ದ ಹಾಗೆ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹೊತ್ಕೊಳ್ತು. ಅಷ್ಟೇ, ಕಾರಿಗೆ ಜೀವವೇ ಇಲ್ಲ. ಎಷ್ಟು ತುಳಿದರೂ 3,000 ಆರ್‌ಪಿಎಂ ದಾಟಲ್ಲ. ಹಿಂದೆ ಟ್ಯಾಂಕರ್‌ಗಳ ಹಾರ್ನ್. 'ನಿಲ್ಲಿಸಿಬಿಡೋ' ಅಂತ ಅಮ್ಮ. ನಿಲ್ಲಿಸೋಕೆ ಜಾಗ ಎಲ್ಲಿದೆ?

ಹೇಗೋ ಸಕಲೇಶಪುರ ಸೇರಿದ್ವಿ. ಬೆಳಿಗ್ಗೆ ಒಬ್ಬ ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ, ಎರಡು ಬಟನ್ ಒತ್ತಿ, 'ಎರರ್ ಕ್ಲಿಯರ್ ಆಯ್ತು ಸಾರ್' ಅಂದ್ರು. ದೀಪ ಹೋಯ್ತು, ದುಡ್ಡೂ ಹೋಯ್ತು. ಹಾಸನ ದಾಟೋ ಅಷ್ಟರಲ್ಲಿ ದೀಪ ಮಾತ್ರ ವಾಪಸ್ ಬಂತು. ಇದೇನಪ್ಪಾ ಈ ದೀಪ ಅಂತ ಹುಡುಕ್ತಾ ಹೋದವನು ಬಂದು ನಿಂತಿದ್ದು 1943ರ ಲಾಸ್ ಏಂಜಲಿಸ್‌ನಲ್ಲಿ.

ಆ ವರ್ಷ ಜುಲೈನಲ್ಲಿ ಊರಿನ ಮೇಲೆ ಕಣ್ಣುರಿಸೋ ಹೊಗೆ ಕವಿದುಬಿಡ್ತು. ಯುದ್ಧದ ಕಾಲ. ಜಪಾನಿನವರ ವಿಷಾನಿಲ ದಾಳಿ ಅಂತ ಹೆದರಿದವರೂ ಇದ್ರು. ಆಮೇಲೆ ತಪ್ಪನ್ನ ಕೃತಕ ರಬ್ಬರ್‌ಗೆ ಬೇಕಾದ ರಾಸಾಯನಿಕ ಮಾಡ್ತಿದ್ದ ಒಂದು ಕಾರ್ಖಾನೆ ಮೇಲೆ ಹಾಕಿದ್ರು. ಅದನ್ನ ನಿಲ್ಲಿಸಿದ್ರೂ ಹೊಗೆ ಹೋಗಲಿಲ್ಲ. ಉತ್ತರ ಸಿಕ್ಕಿದ್ದು ಕ್ಯಾಲ್‌ಟೆಕ್‌ನ ರಸಾಯನ ವಿಜ್ಞಾನಿ ಆರೀ ಹಾಗೆನ್-ಸ್ಮಿತ್ ಅವರಿಂದ. ಈ ಮನುಷ್ಯ ಅದಕ್ಕೆ ಮೊದಲು ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡ್ತಿದ್ದವರು! ಕಾರುಗಳಿಂದ, ತೈಲ ಸಂಸ್ಕರಣಾ ಘಟಕಗಳಿಂದ ಬರೋ ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಲ್ಲಿ ಬೆಂದು ಈ ಹೊಗೆ ಆಗುತ್ತೆ ಅಂತ 1950ರ ದಶಕದ ಶುರುವಲ್ಲಿ ತೋರಿಸಿದ್ರು. ಕಾರು ಕಂಪನಿಗಳಿಗೆ ಅದು ರುಚಿಸಲಿಲ್ಲ, ಹೇಳಬೇಕಾಗಿಲ್ಲ.

1970ರಲ್ಲಿ ಅಮೆರಿಕದ ಕ್ಲೀನ್ ಏರ್ ಆಕ್ಟ್ ಬಿಗಿಯಾಯ್ತು, 1975ರ ಮಾಡೆಲ್‌ಗಳಿಂದ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಅದು ಸರಿಯಾಗಿ ಕೆಲಸ ಮಾಡ್ಬೇಕು ಅಂದ್ರೆ ಗಾಳಿ-ಇಂಧನದ ಅಳತೆ ಕರಾರುವಾಕ್ಕಾಗಿರ್ಬೇಕು. ಕಾರ್ಬ್ಯುರೇಟರ್ ಒಂದೇ ನಂಬ್ಕೊಂಡ್ರೆ ಆಗಲ್ಲ. ಹಾಗಾಗಿ ಸೆನ್ಸರ್ ಬಂತು, ಕಂಪ್ಯೂಟರ್ ಬಂತು. 1981ಕ್ಕೆ ಜನರಲ್ ಮೋಟಾರ್ಸ್ ಅಮೆರಿಕದ ತನ್ನ ಪೆಟ್ರೋಲ್ ಕಾರುಗಳಲ್ಲಿ ಕಂಪ್ಯೂಟರ್ ಹಾಕಿತ್ತು, ಜೊತೆಗೆ 'ಚೆಕ್ ಇಂಜಿನ್' ದೀಪ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಆಗ ಸ್ಕ್ಯಾನರ್ ಬೇಕಾಗಿರಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗಿನ ಸಾಕೆಟ್‌ನಲ್ಲಿ ಎ ಮತ್ತು ಬಿ ಅನ್ನೋ ಎರಡು ಪಿನ್‌ಗಳನ್ನ ಒಂದು ಪೇಪರ್ ಕ್ಲಿಪ್‌ನಿಂದ ಜೋಡಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿದ್ರೆ ಸಾಕು. ದೀಪ ಒಂದು ಸಲ ಮಿನುಗಿ, ತಡೆದು, ಎರಡು ಸಲ ಮಿನುಗುತ್ತೆ. ಅಂದ್ರೆ ಕೋಡ್ 12: 'ನಾನು ಮಾತಾಡೋಕೆ ರೆಡಿ'. ಆಮೇಲೆ ದೋಷದ ಕೋಡ್‌ಗಳು. ಜನ ಮಂಡಿ ಮೇಲೆ ಹಾಳೆ ಇಟ್ಕೊಂಡು ಎಣಿಸ್ತಾ ಕೂರೋರು.

ತೊಂದರೆ ಏನಂದ್ರೆ ಒಂದೊಂದು ಕಂಪನಿಗೆ ಒಂದೊಂದು ಸಾಕೆಟ್, ಒಂದೊಂದು ಭಾಷೆ. ಕ್ಯಾಲಿಫೋರ್ನಿಯಾ 1988ರ ಮಾಡೆಲ್‌ಗಳಿಂದ ಮೊದಲ ಓಬಿಡಿ ನಿಯಮ ತಂತು. 1996ಕ್ಕೆ ಇಡೀ ಅಮೆರಿಕಕ್ಕೆ ಓಬಿಡಿ-2: ಒಂದೇ ಥರದ 16 ಪಿನ್ ಸಾಕೆಟ್, ಒಂದೇ ಥರದ ಕೋಡ್. ಹೊಗೆ ಮಿತಿಯ ಸುಮಾರು ಒಂದೂವರೆ ಪಟ್ಟು ದಾಟುವಂಥ ದೋಷ ಇದ್ರೆ ದೀಪ ಹೊತ್ತಬೇಕು ಅನ್ನೋದು ಅದರ ಮೂಲ ಲೆಕ್ಕ. ಅಂದ್ರೆ ದೀಪ ಕಾಯ್ತಿರೋದು ಊರಿನ ಗಾಳಿಯನ್ನ. ನಾನು ಬಿಕಾಂ ಓದಿದವನು, ನನ್ನ ಭಾಷೆಯಲ್ಲಿ ಇದು ಇಂಟರ್ನಲ್ ಆಡಿಟ್. ನಮ್ಮಲ್ಲಿ 2010ರಲ್ಲಿ ಬಿಎಸ್-4 ಬೆಂಗಳೂರು ಸೇರಿ 13 ನಗರಗಳಿಗೆ ಬಂದಾಗ ಓಬಿಡಿಯೂ ಜೊತೆಗೆ ಬಂತು.

ಮತ್ತೆ ಲಿಂಪ್ ಮೋಡ್? ಅದು ಬೇರೆ ಸಂಗತಿ. ಸೆನ್ಸರ್ ಹೇಳೋದನ್ನ ನಂಬೋಕಾಗ್ತಿಲ್ಲ, ಅಥವಾ ಹೀಗೇ ಓಡಿದ್ರೆ ಟರ್ಬೊ, ಗೇರ್‌ಬಾಕ್ಸ್ ಹಾಳಾಗುತ್ತೆ ಅನ್ನಿಸಿದಾಗ ಕಂಪ್ಯೂಟರ್ ಶಕ್ತಿಗೆ ಕತ್ತರಿ ಹಾಕುತ್ತೆ. ಕುಂಟ್ತಾ ಆದ್ರೂ ಮನೆ ಸೇರು ಅಂತ. ಘಾಟಿಯಲ್ಲಿ ನಾನು ಬೈದಿದ್ದು ಇದಕ್ಕೇ.

ಬೆಂಗಳೂರಲ್ಲಿ ಎರಡನೇ ಮೆಕ್ಯಾನಿಕ್ ಕೋಡ್ ಅಳಿಸಲಿಲ್ಲ, ಮೊದಲು ಓದಿದ್ರು: ಪಿ 0299, ಟರ್ಬೊ ಒತ್ತಡ ಸಾಲ್ತಿಲ್ಲ. ಜೊತೆಗೆ ಫ್ರೀಜ್ ಫ್ರೇಮ್ ಅಂತ ಇರುತ್ತೆ, ದೋಷ ಕಂಡ ಆ ಕ್ಷಣದ ವೇಗ, ಆರ್‌ಪಿಎಂ, ಲೋಡ್ ಎಲ್ಲ ಅಲ್ಲಿ ದಾಖಲಾಗಿರುತ್ತೆ. ಸಕಲೇಶಪುರದಲ್ಲಿ ಅಳಿಸಿಹಾಕಿದ್ದು ಅದನ್ನೂ ಸೇರಿಸಿ! ಪುಣ್ಯಕ್ಕೆ ಹಾಸನದ ಹತ್ತಿರದ್ದು ಉಳಿದಿತ್ತು. ಲೋಡ್ ಬಿದ್ದಾಗ ಮಾತ್ರ ತೊಂದರೆ ಅಂತ ಅದರಲ್ಲಿ ಕಂಡಿದ್ದೇ ಅವರು ಟರ್ಬೊ ಬಿಚ್ಚದೆ ಪೈಪ್‌ಗಳನ್ನ ಕೈಯಲ್ಲಿ ತಡವಿ ನೋಡಿದ್ರು. ಇಂಟರ್‌ಕೂಲರ್ ಹೋಸ್‌ನ ಕೆಳಗಡೆ ಬೆರಳುದ್ದದ ಸೀಳು, ಸುತ್ತ ಎಣ್ಣೆ ಜಿಡ್ಡು. ಹೊಸ ಟರ್ಬೊಗೆ ಅಂತ ನಾನು ಆಗಲೇ ಇಎಂಐ ಲೆಕ್ಕ ಹಾಕಿಬಿಟ್ಟಿದ್ದೆ.

ಅಂದಹಾಗೆ, ದೀಪ ಸುಮ್ಮನೆ ಉರೀತಿದ್ರೆ ಒಂದು ಕಥೆ. ಪೆಟ್ರೋಲ್ ಕಾರಲ್ಲಿ ಮಿನುಗ್ತಾ ಇದ್ರೆ ಸಾಮಾನ್ಯವಾಗಿ ಮಿಸ್‌ಫೈರ್: ಉರಿಯದ ಪೆಟ್ರೋಲ್ ಕನ್ವರ್ಟರ್‌ಗೆ ಹೋಗಿ ಅದನ್ನ ಸುಟ್ಟುಹಾಕುತ್ತೆ. ಆಗ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಆ ಹಳೇ ಹೋಸ್ ಇನ್ನೂ ನನ್ನ ಮೇಜಿನ ಮೇಲಿದೆ. ಬಿಸಾಕು ಅಂತ ಅಮ್ಮ ವಾರಕ್ಕೊಂದು ಸಲ ಹೇಳ್ತಾರೆ.