ಸಿಗರೇಟಿನ ಟಾರ್ ಮತ್ತು ನಿಕೋಟಿನ್ ಪ್ರಮಾಣಗಳ ಸರ್ಕಾರಿ ಪ್ರಕಟಣೆ

ಸಿಗರೇಟಿನ ಹೊಗೆಯಲ್ಲಿ ಎಷ್ಟು ಟಾರ್, ಎಷ್ಟು ನಿಕೋಟಿನ್ ಇದೆ ಎಂದು ಯಂತ್ರದಿಂದ ಅಳೆದು, ಮಿಲಿಗ್ರಾಂ ಲೆಕ್ಕದಲ್ಲಿ ಬ್ರ್ಯಾಂಡುವಾರು ಪಟ್ಟಿ ಮಾಡಿ ಸರ್ಕಾರವೇ ಹೊರಡಿಸುತ್ತಿದ್ದ ಪದ್ಧತಿ. ಇದರ ಮುಖ್ಯ ನೆಲೆ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ವ್ಯಾಪಾರದಲ್ಲಿ ಮೋಸ ನಡೆಯದಂತೆ ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ 1967ರಿಂದ 2000ದವರೆಗೆ ಇಂಥ ಪಟ್ಟಿಗಳನ್ನು ಪ್ರಕಟಿಸಿತು. ಬ್ರಿಟನ್ 1973ರಲ್ಲಿ ಇದೇ ದಾರಿ ಹಿಡಿಯಿತು. ಭಾರತದ ಕಾನೂನಿನಲ್ಲಿ ಇದಕ್ಕೆ 2003ರಿಂದ ಜಾಗವಿದೆ, ಆಚರಣೆಯಲ್ಲಿ ಇಲ್ಲ.

ಈ ಇತಿಹಾಸವನ್ನು ಹೇಳುವ ಬರೆಹಗಳಲ್ಲಿ ಕೆಲವು ತಪ್ಪುಗಳು ಒಂದರಿಂದ ಒಂದಕ್ಕೆ ದಾಟಿಕೊಂಡು ಬಂದಿವೆ. ಪ್ಯಾಕಿನ ಮೇಲೆ ಟಾರ್ ಅಂಕಿ ಮುದ್ರಿಸುವುದು ಅಮೆರಿಕದಲ್ಲಿ ಕಡ್ಡಾಯವಾಗಿತ್ತು ಎಂದು ಬರೆಯುವವರಿದ್ದಾರೆ. ಅಂಥ ಫೆಡರಲ್ ಕಾನೂನು ಇರಲಿಲ್ಲ. ಪಟ್ಟಿಯ ಅಂಕಿಯೆಂದರೆ ಸಿಗರೇಟಿನ ತಂಬಾಕಿನಲ್ಲಿರುವ ನಿಕೋಟಿನ್ ಎಂದು ತಿಳಿಯುವುದು ಇನ್ನೂ ಸಾಮಾನ್ಯ. ಒಂದು ಸಿಗರೇಟಿನ ತಂಬಾಕಿನಲ್ಲಿ ಸುಮಾರು 10 ಮಿ.ಗ್ರಾಂ. ನಿಕೋಟಿನ್ ಇರುತ್ತದೆ, ಪಟ್ಟಿಯಲ್ಲಿ ಕಾಣುತ್ತಿದ್ದ 1 ಮಿ.ಗ್ರಾಂ. ಆಸುಪಾಸಿನ ಅಂಕಿ ಯಂತ್ರ ಎಳೆದುಕೊಂಡ ಹೊಗೆಯಲ್ಲಿ ಸಿಕ್ಕಿದ್ದು ಮಾತ್ರ. ಕಡಿಮೆ ಟಾರಿನ ಸಿಗರೇಟುಗಳಿಗೆ ಇಟ್ಟ ‘ಲೈಟ್’ ಎಂಬ ಹೆಸರಿಗೆ ಕಮಿಷನ್ನಿನ ಒಪ್ಪಿಗೆ ಇತ್ತೇ ಎಂಬುದರ ಬಗ್ಗೆಯಂತೂ ನ್ಯಾಯಾಲಯಗಳೇ ಬೇರೆ ಬೇರೆ ಮಾತು ಆಡಿವೆ.

ಯಂತ್ರದ ಅಳತೆ

ಕಮಿಷನ್ ಬಳಸಿದ ವಿಧಾನದ ಮೂಲ ತಂಬಾಕು ಉದ್ಯಮದಲ್ಲೇ ಇದೆ. 1936ರಲ್ಲಿ ಅಮೆರಿಕನ್ ಟೊಬ್ಯಾಕೊ ಕಂಪನಿಯ ರಸಾಯನಶಾಸ್ತ್ರಜ್ಞರಾದ ಬ್ರ್ಯಾಡ್‌ಫರ್ಡ್, ಹಾರ್ಲನ್ ಮತ್ತು ಹ್ಯಾನ್ಮರ್ ಪ್ರಯೋಗಾಲಯದಲ್ಲಿ ಸಿಗರೇಟು ಸೇದಿಸುವ ಕ್ರಮವೊಂದನ್ನು ಪ್ರಕಟಿಸಿದರು. ನಿಮಿಷಕ್ಕೆ ಒಂದು ದಮ್ಮು, ದಮ್ಮಿಗೆ 35 ಮಿಲಿಲೀಟರ್ ಹೊಗೆ, ಎಳೆಯುವುದಕ್ಕೆ 2 ಸೆಕೆಂಡು. ಜನ ಹೇಗೆ ಸೇದುತ್ತಾರೆ ಎಂದು ವ್ಯಾಪಕವಾಗಿ ಸಮೀಕ್ಷೆ ಮಾಡಿ ಕಂಡುಕೊಂಡ ಲೆಕ್ಕ ಇದಲ್ಲ. ಒಂದು ಬ್ರ್ಯಾಂಡನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಬೇಕಾದ ಸ್ಥಿರವಾದ ಅಳತೆ. ಮೂವತ್ತು ವರ್ಷಗಳ ನಂತರ ಸರ್ಕಾರ ಇದನ್ನು ಹೆಚ್ಚುಕಡಿಮೆ ಹಾಗೆಯೇ ಎತ್ತಿಕೊಂಡಿತು.

ಯಂತ್ರ ಎಳೆದ ಹೊಗೆ ಗಾಜಿನ ನಾರಿನ ಒಂದು ಬಿಲ್ಲೆಯ ಮೂಲಕ ಹಾದುಹೋಗುತ್ತದೆ. ಕೇಂಬ್ರಿಡ್ಜ್ ಫಿಲ್ಟರ್ ಎಂದು ಇದರ ಹೆಸರು. ಬಿಲ್ಲೆಯಲ್ಲಿ ಸಿಕ್ಕಿಬಿದ್ದ ಕಣಗಳ ತೂಕದಿಂದ ನೀರನ್ನೂ ನಿಕೋಟಿನನ್ನೂ ಕಳೆದರೆ ಉಳಿಯುವುದಕ್ಕೆ ಟಾರ್ ಎನ್ನುತ್ತಾರೆ. ಹೀಗಾಗಿ ಟಾರ್ ಎಂಬುದು ಒಂದು ನಿರ್ದಿಷ್ಟ ವಸ್ತುವಲ್ಲ, ಸಾವಿರಾರು ರಾಸಾಯನಿಕಗಳ ಶೇಷ. ಒಂದೇ ಅಂಕಿಯ ಎರಡು ಸಿಗರೇಟುಗಳ ಟಾರ್ ಒಂದೇ ಬಗೆಯದಾಗಿರಬೇಕಿಲ್ಲ. ಯಂತ್ರ ಸೇದುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೂ ನಿಯಮವಿತ್ತು: 23 ಮಿ.ಮೀ. ಮೋಟು ಉಳಿಯುವವರೆಗೆ, ಇಲ್ಲವೇ ಫಿಲ್ಟರ್ ಸುತ್ತಿದ ಕಾಗದದಿಂದ 3 ಮಿ.ಮೀ. ದೂರದವರೆಗೆ, ಎರಡರಲ್ಲಿ ಯಾವುದು ಉದ್ದವೋ ಅದು. ಈ ಸಣ್ಣ ನಿಯಮ ಮುಂದೆ ದೊಡ್ಡ ಕೆಲಸ ಮಾಡಿತು.

ಅಂಕಿಗಳ ಜಗಳ ಮತ್ತು ನಿಷೇಧ

1950ರಲ್ಲಿ ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಬ್ರಿಟನ್ನಿನ ಡಾಲ್ ಮತ್ತು ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1953ರಲ್ಲಿ ಇಲಿಗಳ ಚರ್ಮಕ್ಕೆ ಟಾರ್ ಬಳಿದ ಪ್ರಯೋಗದ ಫಲಿತಾಂಶ ಬಂತು. ಕಂಪನಿಗಳು ಫಿಲ್ಟರ್ ಸಿಗರೇಟುಗಳತ್ತ ಓಡಿದವು. ಕೆಂಟ್ ಸಿಗರೇಟಿನ ಹೆಸರಾಂತ ಫಿಲ್ಟರಿನಲ್ಲಿ 1952ರಿಂದ 1956ರವರೆಗೆ ಕಲ್ನಾರು ಇತ್ತು ಎಂಬುದು ಆ ಕಾಲದ ಗಡಿಬಿಡಿಗೆ ಸಾಕ್ಷಿ. 1957ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅಳೆಯಿಸಿದ ಅಂಕಿಗಳನ್ನು ಅಚ್ಚುಹಾಕಿತು. ಅಂದರೆ ಬ್ರ್ಯಾಂಡುವಾರು ಅಂಕಿ ಓದುಗರ ಕೈಗೆ ಮೊದಲು ತಲುಪಿದ್ದು ಪತ್ರಿಕೆಗಳಿಂದ, ಸರ್ಕಾರದಿಂದಲ್ಲ. ಅದೇ ವರ್ಷ ಸಂಸದ ಜಾನ್ ಬ್ಲಾಟ್ನಿಕ್ ಅವರ ಅಧ್ಯಕ್ಷತೆಯ ಉಪಸಮಿತಿ ಫಿಲ್ಟರ್ ಜಾಹೀರಾತುಗಳ ವಿಚಾರಣೆ ನಡೆಸಿತು. ನಮ್ಮದರಲ್ಲಿ ಟಾರ್ ಕಡಿಮೆ, ನಮ್ಮದರಲ್ಲಿ ಇನ್ನೂ ಕಡಿಮೆ ಎಂದು ಕಂಪನಿಗಳು ತಮ್ಮ ತಮ್ಮ ವಿಧಾನದಲ್ಲಿ ಅಳೆದ ಅಂಕಿಗಳನ್ನು ಹಿಡಿದು ಪೈಪೋಟಿಗಿಳಿದವು.

ಇದಕ್ಕೆ ಕಮಿಷನ್ನಿನ ಮೊದಲ ಉತ್ತರ ಬಾಯಿ ಮುಚ್ಚಿಸುವುದಾಗಿತ್ತು. 1955ರ ಜಾಹೀರಾತು ಮಾರ್ಗಸೂಚಿ ವೈಜ್ಞಾನಿಕ ಆಧಾರವಿಲ್ಲದ ಟಾರ್, ನಿಕೋಟಿನ್ ಹೇಳಿಕೆಗಳನ್ನು ಬೇಡವೆಂದಿತ್ತು. 1960ರ ಆರಂಭದಲ್ಲಿ, ಕಮಿಷನ್ನಿನ ಅಧ್ಯಕ್ಷ ಅರ್ಲ್ ಕಿಂಟ್ನರ್ ಅವರ ಕಾಲದಲ್ಲಿ, ಇಂಥ ಹೇಳಿಕೆಗಳನ್ನೇ ಕೈಬಿಡಲು ಕಂಪನಿಗಳು ಒಪ್ಪಿದವು. ಮುಂದೆ ಅಂಕಿಗಳ ಪ್ರಕಟಣೆಗೆ ಹೆಸರಾದ ಸಂಸ್ಥೆಯೇ ಆರು ವರ್ಷ ಅಂಕಿಗಳನ್ನು ತಡೆದಿತ್ತು ಎಂಬುದನ್ನು ಹಲವು ವಿವರಣೆಗಳು ಬಿಟ್ಟುಬಿಡುತ್ತವೆ.

1966ರ ತಿರುವು

ಸಾಮಾನ್ಯವಾಗಿ 1967ನ್ನು ಆರಂಭದ ವರ್ಷವೆಂದು ಎಣಿಸುತ್ತಾರೆ. ನೀತಿ ಬದಲಾದದ್ದು ಅದಕ್ಕೂ ಹಿಂದಿನ ವರ್ಷ. 1964ರ ಜನವರಿ 11ರಂದು ಸರ್ಜನ್ ಜನರಲ್ ಲೂಥರ್ ಟೆರಿ ಅವರ ಧೂಮಪಾನದ ಹಾನಿಯ ಕುರಿತ ವರದಿ ಹೊರಬಂದ ಮೇಲೆ, ಬಿಡಲಾಗದವರು ಕಡಿಮೆ ಟಾರ್ ಇರುವುದನ್ನಾದರೂ ಸೇದಲಿ ಎಂಬ ವಾದ ವೈದ್ಯ ವಲಯದಲ್ಲೇ ಬಲಗೊಂಡಿತು. ಟಾರ್ ಮತ್ತು ನಿಕೋಟಿನ್ ಕಡಿಮೆಯಾದಷ್ಟೂ ಹಾನಿ ಕಡಿಮೆಯಾದೀತೆಂದು ಲಭ್ಯ ಪುರಾವೆ ಬಲವಾಗಿ ಸೂಚಿಸುತ್ತದೆ ಎಂದು ಸಾರ್ವಜನಿಕ ಆರೋಗ್ಯ ಸೇವೆ 1966ರಲ್ಲಿ ಹೇಳಿಕೆ ಕೊಟ್ಟಿತು. ಅದೇ ವರ್ಷ ಮಾರ್ಚ್ 25ರಂದು ಕಮಿಷನ್ ಕಂಪನಿಗಳಿಗೆ ಪತ್ರ ಬರೆದು, ಕೇಂಬ್ರಿಡ್ಜ್ ಫಿಲ್ಟರ್ ವಿಧಾನದಿಂದ ಅಳೆದ ಅಂಕಿಗಳನ್ನು ಜಾಹೀರಾತಿನಲ್ಲಿ ಹೇಳಬಹುದು, ಆದರೆ ಅದರಿಂದ ಆರೋಗ್ಯಕ್ಕೆ ಒಳಿತೆಂದು ಹೇಳಕೂಡದು ಎಂದಿತು. ಅಂಕಿಗೆ ಅನುಮತಿ, ಅರ್ಥಕ್ಕೆ ನಿಷೇಧ. ಕಡಿಮೆ ಅಂಕಿಯನ್ನು ಕಂಡ ಓದುಗ ಅರ್ಥವನ್ನು ತಾನೇ ಕಟ್ಟಿಕೊಳ್ಳುತ್ತಾನೆಂಬುದು ಕಂಪನಿಗಳಿಗೆ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಸೆನೆಟರ್ ವಾರೆನ್ ಮ್ಯಾಗ್ನುಸನ್ ಅವರ ಒತ್ತಾಸೆಯೂ ಸೇರಿ ಕಮಿಷನ್ ತನ್ನದೇ ಪ್ರಯೋಗಾಲಯ ತೆರೆಯಿತು. 1967ರ ನವೆಂಬರಿನಲ್ಲಿ ಮೊದಲ ಪಟ್ಟಿ ಬಂತು. ಯಾವ ಪರೀಕ್ಷೆಯೂ ಮನುಷ್ಯ ಸೇದುವುದನ್ನು ಕರಾರುವಾಕ್ಕಾಗಿ ಅನುಕರಿಸಲಾರದು, ಒಬ್ಬೊಬ್ಬರು ಒಂದೊಂದು ರೀತಿ ಸೇದುತ್ತಾರೆ ಎಂದು ಕಮಿಷನ್ ಆ ವರ್ಷವೇ ಸ್ಪಷ್ಟವಾಗಿ ಹೇಳಿತ್ತು. ಆದರೆ ಪಟ್ಟಿಯಿಂದ ಜಾಹೀರಾತಿಗೆ ಹೋಗುವಾಗ ಅಂಕಿ ಹೋಯಿತು, ಎಚ್ಚರಿಕೆ ಹಿಂದುಳಿಯಿತು. ಜಾಹೀರಾತುಗಳಲ್ಲಿ ಅಂಕಿಯನ್ನು ಕಡ್ಡಾಯ ಮಾಡುವ ನಿಯಮವನ್ನು ಕಮಿಷನ್ 1970ರಲ್ಲಿ ಮುಂದಿಟ್ಟಾಗ, ಪ್ರಮುಖ ಕಂಪನಿಗಳು ತಾವಾಗಿಯೇ ಹಾಕುತ್ತೇವೆಂದು ಒಪ್ಪಂದ ಮಾಡಿಕೊಂಡವು; ನಿಯಮ ಅಲ್ಲಿಗೇ ನಿಂತಿತು. 1971ರ ಜನವರಿಯಿಂದ ಟಿ.ವಿ. ಮತ್ತು ರೇಡಿಯೊ ಜಾಹೀರಾತು ನಿಂತದ್ದರಿಂದ ಈ ಅಂಕಿಗಳು ಕಾಣಿಸಿಕೊಂಡದ್ದು ಮುಖ್ಯವಾಗಿ ಮುದ್ರಣದಲ್ಲಿ.

ಯಂತ್ರಕ್ಕೆ ತಕ್ಕ ಸಿಗರೇಟು

ಮಾರಾಟದ ಲೆಕ್ಕದಲ್ಲಿ ಸರಾಸರಿ ಟಾರ್ 1950ರ ದಶಕದ ಮಧ್ಯದಲ್ಲಿ 37 ಮಿ.ಗ್ರಾಂ. ಸುಮಾರಿನಲ್ಲಿದ್ದದ್ದು 1998ಕ್ಕೆ 12ಕ್ಕೆ ಇಳಿಯಿತು. 15 ಮಿ.ಗ್ರಾಂ. ಅಥವಾ ಅದಕ್ಕಿಂತ ಕಡಿಮೆ ಟಾರ್ ಇರುವ ಸಿಗರೇಟುಗಳ ಪಾಲು 1967ರಲ್ಲಿ ಶೇ. 2ರಷ್ಟಿತ್ತು, 1998ರಲ್ಲಿ ಶೇ. 80 ದಾಟಿತ್ತು. ಕಾಗದದ ಮೇಲೆ ಇದಕ್ಕಿಂತ ಯಶಸ್ವಿಯಾದ ಆರೋಗ್ಯ ಕಾರ್ಯಕ್ರಮ ಸಿಗುವುದು ಕಷ್ಟ.

ಇಳಿಕೆಯ ಒಂದು ಭಾಗ ತಂಬಾಕು ಕಡಿಮೆ ಬಳಸಿದ್ದರಿಂದ, ಫಿಲ್ಟರಿನಿಂದ ಬಂದದ್ದು. ದೊಡ್ಡ ಪಾಲು ಫಿಲ್ಟರ್ ಸುತ್ತಿದ ಕಾಗದದಲ್ಲಿ ಕೊರೆದ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳದು. ಯಂತ್ರ ದಮ್ಮು ಎಳೆದಾಗ ಹೊರಗಿನ ಗಾಳಿ ಆ ತೂತುಗಳಿಂದ ಒಳಬಂದು ಹೊಗೆಯನ್ನು ತೆಳುಮಾಡುತ್ತದೆ. ಮನುಷ್ಯರು ಸಿಗರೇಟು ಹಿಡಿಯುವಾಗ ಅವೇ ತೂತುಗಳ ಮೇಲೆ ಬೆರಳೋ ತುಟಿಯೋ ಕೂರುತ್ತದೆ. ಇದನ್ನು ಲಿನ್ ಕೊಜ್ಲೋವ್‌ಸ್ಕಿ ಮತ್ತು ಸಂಗಡಿಗರು 1980ರ ಸುಮಾರಿನಲ್ಲಿ ದಾಖಲಿಸಿದರು. ಫಿಲ್ಟರ್ ಮೇಲಿನ ಕಾಗದವನ್ನು ಉದ್ದ ಮಾಡಿದರೆ ಮೋಟಿನ ನಿಯಮದಿಂದಾಗಿ ಯಂತ್ರ ಬೇಗನೆ ನಿಲ್ಲುತ್ತದೆ, ದಮ್ಮುಗಳ ಸಂಖ್ಯೆ ಕಡಿಮೆಯಾಗುತ್ತದೆ. ಸೇದುವವರಿಗೆ ಆ ನಿರ್ಬಂಧವಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ದೇಹದ ಬೇಡಿಕೆ. ನಿಕೋಟಿನ್ ಸಾಲದಿದ್ದರೆ ಸೇದುವವರು ದಮ್ಮು ದೊಡ್ಡದು ಮಾಡುತ್ತಾರೆ, ಬೇಗ ಬೇಗ ಎಳೆಯುತ್ತಾರೆ, ಇನ್ನೊಂದು ಹಚ್ಚುತ್ತಾರೆ. ಕಡಿಮೆ ಅಂಕಿಯ ಸಿಗರೇಟು ಸೇದುವವರ ದೇಹಕ್ಕೆ ನಿಕೋಟಿನ್ ಕಡಿಮೆಯೇನೂ ಹೋಗುತ್ತಿಲ್ಲವೆಂದು ನೀಲ್ ಬೆನೊವಿಟ್ಜ್ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಉದ್ಯಮಕ್ಕೆ ಇದು ಆ ಹೊತ್ತಿಗೆ ಹಳೆಯ ಸುದ್ದಿ. ಮಾರ್ಲ್‌ಬೊರೊ ಲೈಟ್ಸ್ ಸೇದುವವರು ಸಾಮಾನ್ಯ ಮಾರ್ಲ್‌ಬೊರೊದಷ್ಟೇ ಹೊಗೆ ಎಳೆದುಕೊಳ್ಳುತ್ತಾರೆ ಎಂದು ಫಿಲಿಪ್ ಮೋರಿಸ್ ಕಂಪನಿಯ ಆಂತರಿಕ ಟಿಪ್ಪಣಿಯೊಂದು 1975ರಲ್ಲೇ ಹೇಳಿತ್ತು. ಈ ಟಿಪ್ಪಣಿ ಬೆಳಕಿಗೆ ಬಂದದ್ದು ಮುಂದೆ ಕೋರ್ಟು ಕಚೇರಿಗಳ ಮೂಲಕ.

ಬಾರ್ಕ್ಲೆ ಪ್ರಕರಣ ಇಡೀ ವ್ಯವಸ್ಥೆಯ ದೌರ್ಬಲ್ಯವನ್ನು ಒಂದೇ ಬ್ರ್ಯಾಂಡಿನಲ್ಲಿ ತೋರಿಸಿತು. ಬ್ರೌನ್ ಅಂಡ್ ವಿಲಿಯಮ್‌ಸನ್ ಕಂಪನಿ 1980ರ ಸುಮಾರಿನಲ್ಲಿ ತಂದ ಈ ಸಿಗರೇಟಿನ ಟಾರ್ 1 ಮಿ.ಗ್ರಾಂ. ಎಂದು ಜಾಹೀರಾತಾಯಿತು. ಅದರ ಫಿಲ್ಟರಿನ ಹೊರಮೈಯಲ್ಲಿ ಗಾಳಿ ಹರಿಯುವ ಕಾಲುವೆಗಳಿದ್ದವು. ಯಂತ್ರದ ಹಿಡಿಕೆಯಲ್ಲಿ ಅವು ತೆರೆದಿರುತ್ತಿದ್ದವು, ತುಟಿಗಳ ನಡುವೆ ಮುಚ್ಚಿಹೋಗುತ್ತಿದ್ದವು. ದೂರು ಕೊಟ್ಟವರು ಆರೋಗ್ಯ ಸಂಸ್ಥೆಗಳಲ್ಲ, ಪ್ರತಿಸ್ಪರ್ಧಿ ಕಂಪನಿಗಳು. ತನ್ನ ವಿಧಾನ ಬಾರ್ಕ್ಲೆಯನ್ನು ಸರಿಯಾಗಿ ಅಳೆಯಲಾರದೆಂದು ಕಮಿಷನ್ 1983ರಲ್ಲಿ ಒಪ್ಪಿಕೊಂಡಿತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ 1 ಮಿ.ಗ್ರಾಂ. ಜಾಹೀರಾತು ತಪ್ಪುದಾರಿಗೆಳೆಯುವಂಥದ್ದೆಂದು ಕಂಡಿತು. ತೂತುಗಳಿರುವ ಬೇರೆಲ್ಲ ಸಿಗರೇಟುಗಳಿಗೂ ಬೇರೆ ಪ್ರಮಾಣದಲ್ಲಿ ಇದೇ ಮಾತು ಅನ್ವಯಿಸುತ್ತಿತ್ತು, ಆ ಪ್ರಶ್ನೆಯನ್ನು ಮಾತ್ರ ಆಗ ಯಾರೂ ತೀರ್ಮಾನಕ್ಕೆ ಒಯ್ಯಲಿಲ್ಲ.

ಪಟ್ಟಿ ನಿಂತದ್ದು, ರದ್ದಾದದ್ದು

1987ರಲ್ಲಿ ಕಮಿಷನ್ ತನ್ನ ಪ್ರಯೋಗಾಲಯವನ್ನು ಮುಚ್ಚಿತು. ಅಲ್ಲಿಂದ ಮುಂದೆ ಅಳೆದದ್ದು ಉದ್ಯಮದ್ದೇ ಆದ ಟೊಬ್ಯಾಕೊ ಇನ್‌ಸ್ಟಿಟ್ಯೂಟಿನ ಪ್ರಯೋಗಾಲಯ. ಪ್ರಕಟಣೆ ಕಮಿಷನ್ ಹೆಸರಿನಲ್ಲೇ ಮುಂದುವರಿಯಿತು. ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1994ರಲ್ಲಿ ತಜ್ಞರ ಸಭೆ ಸೇರಿಸಿ ವಿಧಾನವನ್ನು ಬದಲಿಸಬೇಕೆಂದಿತು. 1997ರಲ್ಲಿ ಕಮಿಷನ್ ಇನ್ನಷ್ಟು ತೀವ್ರವಾಗಿ ಸೇದಿಸುವ ಎರಡನೆಯ ಅಳತೆಯನ್ನು ಸೇರಿಸುವ ಪ್ರಸ್ತಾಪ ಮಾಡಿತು, ಜಾರಿಗೆ ತರಲಿಲ್ಲ. 1998ನೆಯ ವರ್ಷದ 1,294 ಬಗೆಯ ಸಿಗರೇಟುಗಳ ಪಟ್ಟಿ 2000ದಲ್ಲಿ ಹೊರಬಂತು. ಅದೇ ಕೊನೆಯದು. ಕಡಿಮೆ ಟಾರ್ ಸಿಗರೇಟುಗಳಿಂದ ಜನರ ಆರೋಗ್ಯಕ್ಕೆ ಲಾಭವಾಗಿದೆ ಎನ್ನಲು ಪುರಾವೆಯಿಲ್ಲವೆಂದು ಕ್ಯಾನ್ಸರ್ ಸಂಸ್ಥೆಯ 13ನೆಯ ಪ್ರಬಂಧ 2001ರಲ್ಲಿ ಹೇಳಿತು.

ಪಟ್ಟಿ ನಿಂತರೂ 1966ರ ಪತ್ರ ಇನ್ನೂ ಜೀವಂತವಾಗಿತ್ತು, ಕಂಪನಿಗಳು ಅದನ್ನು ನ್ಯಾಯಾಲಯದಲ್ಲಿ ಗುರಾಣಿ ಮಾಡಿಕೊಂಡವು. ಇಲಿನಾಯ್ ರಾಜ್ಯದಲ್ಲಿ ‘ಲೈಟ್ಸ್’ ಕೊಂಡವರ ಪರವಾಗಿ 2003ರಲ್ಲಿ ಫಿಲಿಪ್ ಮೋರಿಸ್ ವಿರುದ್ಧ 1,010 ಕೋಟಿ ಡಾಲರುಗಳ ತೀರ್ಪು ಬಂದಿತ್ತು. ‘ಲೈಟ್’ ಎಂಬ ಹೆಸರನ್ನು ಕಮಿಷನ್ನೇ ತನ್ನ ಹಳೆಯ ಆದೇಶಗಳ ಮೂಲಕ ಅನುಮತಿಸಿದೆ ಎಂದು ಹೇಳಿ ಆ ರಾಜ್ಯದ ಸುಪ್ರೀಂ ಕೋರ್ಟು 2005ರಲ್ಲಿ ಅದನ್ನು ತಳ್ಳಿಹಾಕಿತು. ಮರುವರ್ಷ ವಾಷಿಂಗ್ಟನ್ನಿನ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಕಂಪನಿಗಳು ತಿಳಿದೂ ತಿಳಿದೂ ಮೋಸ ಮಾಡಿವೆ ಎಂದು ತೀರ್ಪಿತ್ತು ಆ ಹೆಸರುಗಳನ್ನು ನಿಷೇಧಿಸಿದರು. ಫಿಲಿಪ್ ಮೋರಿಸಿನ ಮಾತೃಸಂಸ್ಥೆ ಆಲ್ಟ್ರಿಯಾ ವಿರುದ್ಧದ ಮೈನ್ ರಾಜ್ಯದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟು ಮುಟ್ಟಿದಾಗ, ಇಂಥ ಅನುಮತಿಯನ್ನು ಕಮಿಷನ್ ಕೊಟ್ಟೇ ಇಲ್ಲವೆಂದು ಸರ್ಕಾರ ವಾದಿಸಿತು. 2008ರ ಡಿಸೆಂಬರ್ 15ರಂದು ಕೋರ್ಟು 5–4ರ ಬಹುಮತದಿಂದ ಕಂಪನಿಯ ವಾದವನ್ನು ತಿರಸ್ಕರಿಸಿತು. ಅದಕ್ಕೆ ಸುಮಾರು ಮೂರು ವಾರ ಮೊದಲು, ನವೆಂಬರ್ 26ರಂದು, ಕಮಿಷನ್ 1966ರ ಪತ್ರವನ್ನು ಹಿಂತೆಗೆದುಕೊಂಡಿತ್ತು. ವ್ಯವಸ್ಥೆ 2008ರಲ್ಲಿ ಕೊನೆಯಾಯಿತೆಂದು ಬರೆಯುವುದು ರೂಢಿ. ಪಟ್ಟಿಗಳನ್ನು ನೋಡಿದರೆ ಅದು ಎಂಟು ವರ್ಷ ಮೊದಲೇ ನಿಂತಿತ್ತು. 2009ರ ಕಾನೂನಿನಂತೆ ‘ಲೈಟ್’, ‘ಮೈಲ್ಡ್’, ‘ಲೋ’ ಪದಗಳು 2010ರ ಜೂನಿನಿಂದ ಪ್ಯಾಕುಗಳಿಂದ ಹೋದವು. ಚಿನ್ನದ ಬಣ್ಣ, ಬೆಳ್ಳಿಯ ಬಣ್ಣ ಅವುಗಳ ಜಾಗಕ್ಕೆ ಬಂದವು.

ಇತರ ದೇಶಗಳು

ಬ್ರಿಟನ್ನಿನಲ್ಲಿ ಸರ್ಕಾರಿ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯ ಅಳೆದ ಕೋಷ್ಟಕಗಳನ್ನು ಆರೋಗ್ಯ ಇಲಾಖೆ 1973ರಿಂದ ಹೊರಡಿಸಿ, ಬ್ರ್ಯಾಂಡುಗಳನ್ನು ಕಡಿಮೆ ಟಾರಿನಿಂದ ಹೆಚ್ಚು ಟಾರಿನವರೆಗೆ ಗುಂಪುಗಳಾಗಿ ವಿಂಗಡಿಸಿತು. ಯುರೋಪಿನಲ್ಲಿ ಪ್ರಕಟಣೆಯ ಜತೆಗೆ ಮಿತಿಯೂ ಬಂತು: 1992ರ ಕೊನೆಗೆ ಟಾರ್ 15 ಮಿ.ಗ್ರಾಂ., 1997ರ ಕೊನೆಗೆ 12, 2004ರಿಂದ ಟಾರ್ 10, ನಿಕೋಟಿನ್ 1, ಕಾರ್ಬನ್ ಮಾನಾಕ್ಸೈಡ್ 10. ಮಿತಿ ಇಂದಿಗೂ ಇದೆ, ಆದರೆ 2014ರ ನಿರ್ದೇಶನ ಜಾರಿಯಾದ 2016ರ ಮೇ ತಿಂಗಳಿಂದ ಅಂಕಿಯನ್ನು ಪ್ಯಾಕಿನ ಮೇಲೆ ಹಾಕುವಂತಿಲ್ಲ. ಆಸ್ಟ್ರೇಲಿಯ 2006ರಲ್ಲೇ ಅಂಕಿಗಳನ್ನು ತೆಗೆದು ಚಿತ್ರ ಎಚ್ಚರಿಕೆ ತಂದಿತ್ತು. ಕೆನಡಾ 2000ದಲ್ಲಿ ಬೇರೆ ಪ್ರಯೋಗ ಮಾಡಿತು. ಅಲ್ಲಿನ ತೀವ್ರ ವಿಧಾನದಲ್ಲಿ ದಮ್ಮು 55 ಮಿಲಿಲೀಟರ್, ಅಂತರ 30 ಸೆಕೆಂಡು, ತೂತುಗಳೆಲ್ಲ ಮುಚ್ಚಿರುತ್ತವೆ. ಎರಡೂ ವಿಧಾನಗಳ ಫಲಿತಾಂಶವನ್ನು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಆರು ರಾಸಾಯನಿಕಗಳಿಗೆ ಮುದ್ರಿಸಿದರು. ಜನ ಆಗಲೂ ಸಣ್ಣ ಅಂಕಿಯನ್ನೇ ಹುಡುಕಿದರು. 2011ರ ನಿಯಮಗಳಲ್ಲಿ ಅಂಕಿಯ ಜಾಗಕ್ಕೆ ಮಾತಿನ ವಿವರಣೆ ಬಂತು. ಜಪಾನ್ ಮತ್ತು ಚೀನಾಗಳಲ್ಲಿ ಪ್ಯಾಕಿನ ಮೇಲೆ ಅಂಕಿ ಮುದ್ರಿಸುವ ರೂಢಿ ಉಳಿದುಕೊಂಡಿತು.

ಭಾರತದಲ್ಲಿ

1975ರ ಸಿಗರೇಟು ಕಾಯ್ದೆ ಶಾಸನಬದ್ಧ ಎಚ್ಚರಿಕೆಯನ್ನಷ್ಟೇ ಕೇಳಿತ್ತು. 2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯ (ಕೋಟ್ಪಾ) 7(5)ನೆಯ ವಿಧಿ ಪ್ರತಿ ಪ್ಯಾಕಿನ ಮೇಲೆ ನಿಕೋಟಿನ್ ಮತ್ತು ಟಾರ್ ಪ್ರಮಾಣ, ಜತೆಗೆ ಗರಿಷ್ಠ ಮಿತಿ ನಮೂದಾಗಬೇಕೆಂದು ಹೇಳುತ್ತದೆ. ಅಳೆಯುವ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಅಧಿಕಾರ 11ನೆಯ ವಿಧಿಯಲ್ಲಿದೆ. ನೊಯಿಡಾ, ಮುಂಬಯಿ, ಗುವಾಹಟಿಗಳಲ್ಲಿ ರಾಷ್ಟ್ರೀಯ ತಂಬಾಕು ಪರೀಕ್ಷಾ ಪ್ರಯೋಗಾಲಯಗಳೂ ಬಂದವು. ಅಂಕಿ ಮಾತ್ರ ಭಾರತದ ಪ್ಯಾಕುಗಳ ಮೇಲೆ ಬರಲಿಲ್ಲ. ಜಗಳವೆಲ್ಲ ಚಿತ್ರ ಎಚ್ಚರಿಕೆಯ ಗಾತ್ರದ ಸುತ್ತ ನಡೆಯಿತು: ಪ್ಯಾಕಿನ ಶೇ. 85 ಭಾಗ ಎಚ್ಚರಿಕೆಗೆ ಎಂಬ ನಿಯಮವನ್ನು ಕರ್ನಾಟಕ ಹೈಕೋರ್ಟು 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು.

7(5)ನೆಯ ವಿಧಿ ಸಿಗರೇಟಿಗಷ್ಟೇ ಸೀಮಿತವಲ್ಲ, ಇತರ ತಂಬಾಕು ಪದಾರ್ಥಗಳನ್ನೂ ಒಳಗೊಳ್ಳುತ್ತದೆ. ಬೀಡಿ ಅದರಲ್ಲಿ ಬರುತ್ತದೆ. ಹೊಗೆಯೇ ಇಲ್ಲದ ಗುಟ್ಕಾ, ಜರ್ದಾಗಳೂ ಬರುತ್ತವೆ; ಅವುಗಳಿಗೆ ಟಾರ್ ಎಂಬ ಅಳತೆಯೇ ಹೊಂದುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಮನೆಮನೆಗಳಲ್ಲಿ ಕಟ್ಟುವ ಬೀಡಿಯನ್ನು 1936ರ ಕ್ರಮದಂತೆ ಯಂತ್ರಕ್ಕೆ ಸಿಕ್ಕಿಸಿ ನಿಮಿಷಕ್ಕೊಂದು ದಮ್ಮು ಎಳೆದರೆ ಎಲೆ ಉರಿಯದೆ ನಡುವೆಯೇ ಆರಿಹೋಗುತ್ತದೆ. ಹಾಗಾಗಿ ಬೀಡಿಯನ್ನು ಪರೀಕ್ಷಿಸಿದ ಸಂಶೋಧಕರು ದಮ್ಮುಗಳ ಅಂತರವನ್ನು ಕಡಿಮೆ ಮಾಡಿಕೊಂಡಿದ್ದಾರೆ, ಅವರ ಅಂಕಿಗಳನ್ನು ಸಿಗರೇಟಿನ ಪಟ್ಟಿಯ ಪಕ್ಕದಲ್ಲಿ ಹಾಗೆಯೇ ಇಟ್ಟು ಹೋಲಿಸಲು ಬರುವುದಿಲ್ಲ.