ಯಶವಂತ ಸಿನ್ಹಾ: ರಾಷ್ಟ್ರಪತಿ ಅಭ್ಯರ್ಥಿಯ ವಿದೇಶಾಂಗ ನಿಲುವು

2022ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿಪಕ್ಷಗಳ ಅಭ್ಯರ್ಥಿ. 2002ರಿಂದ 2004ರವರೆಗೆ ವಾಜಪೇಯಿ ಸರಕಾರದ ವಿದೇಶಾಂಗ ಸಚಿವರು. ಪಾಕಿಸ್ತಾನದ ಜೊತೆ ಮಾತುಕತೆ ಮತ್ತೆ ಶುರುವಾಗಿದ್ದು ಆಗಲೇ. ಕಾಶ್ಮೀರಕ್ಕೂ ಮಾತುಕತೆಯೇ ದಾರಿ ಅನ್ನೋದು ಅವರ ನಿಲುವು. 2016ರಲ್ಲಿ ನಾಗರಿಕರ ತಂಡ ಕಟ್ಟಿಕೊಂಡು ಕಣಿವೆಗೂ ಹೋಗಿ ಬಂದಿದ್ದರು.

ತೆಲಂಗಾಣದ ಟಿಆರ್‌ಎಸ್ ಸಿನ್ಹಾಗೆ ಬೆಂಬಲ ಘೋಷಿಸಿತ್ತು. ಕರ್ನಾಟಕದ ಗಡಿಗೆ ತಾಗಿದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಕಡೆ ಆಗ ಆ ಪಕ್ಷದ್ದೇ ಶಾಸಕರು. ಅಲ್ಲಿ ಒಬ್ಬ ಶಾಸಕನ ಮತದ ಮೌಲ್ಯ 132, ಮೂವರದ್ದು ಸೇರಿ 396. ಜನಸಾಮಾನ್ಯರಿಗೆ ಈ ಚುನಾವಣೆಯಲ್ಲಿ ಓಟಿಲ್ಲ, ಲೆಕ್ಕ ಇಷ್ಟೇ. ಗೆದ್ದದ್ದು ದ್ರೌಪದಿ ಮುರ್ಮು.

ಸಿನ್ಹಾ ಗೆದ್ದಿದ್ದರೂ ನೀತಿ ಅವರ ಕೈಯಲ್ಲಿ ಇರುತ್ತಿರಲಿಲ್ಲ. 53ನೇ ವಿಧಿಯಂತೆ ಸೇನೆಯ ಪರಮೋಚ್ಚ ಅಧಿಕಾರ ರಾಷ್ಟ್ರಪತಿಯದ್ದೇ ಆದರೂ, 74ನೇ ವಿಧಿ ಅವರನ್ನು ಸಚಿವ ಸಂಪುಟದ ಸಲಹೆಗೆ ಕಟ್ಟಿಹಾಕಿದೆ. ಸಲಹೆಯನ್ನು ಒಮ್ಮೆ ವಾಪಸ್ ಕಳುಹಿಸಬಹುದು. ಎರಡನೇ ಸಲ ಬಂದರೆ ಒಪ್ಪಲೇಬೇಕು.