ಸಾನೂರಿನಲ್ಲಿ ಯುಗಾದಿ

ಒಂದು ತಪ್ಪು ಲೆಕ್ಕದಿಂದ ಶುರು ಮಾಡ್ತೀನಿ. 2023ರಲ್ಲಿ ನಮ್ಮ ಯುಗಾದಿ ಮಾರ್ಚ್ 22ಕ್ಕೆ ಬಂದಿತ್ತು. ಅದೇ ದಿನ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲೂ ಹೊಸ ವರ್ಷ. ಅಲ್ಲಿ ಅದಕ್ಕೆ ನ್ಯೆಪಿ ಅಂತಾರೆ. ನಮ್ಮದು ಶಾಲಿವಾಹನ ಶಕೆ 1945, ಅವರದೂ ಶಕ 1945. ಹಿಂದಿನದನ್ನು ಹುಡುಕಿದೆ. 2020ರಲ್ಲೂ ಎರಡೂ ಮಾರ್ಚ್ 25ಕ್ಕೇ ಬಿದ್ದಿದ್ದವು. ಎರಡು ಟೆಸ್ಟ್ ಕೇಸ್ ಪಾಸಾದರೆ ಸಾಕು, ಕೋಡ್ ಸರಿಯಿದೆ ಅಂತ ಬಿಟ್ಟುಬಿಡುವ ಪೈಕಿ ನಾನು. ಅಮ್ಮನಿಗೆ ಫೋನ್ ಮಾಡಿ "ಮುಂದಿನ ಯುಗಾದಿಗೆ ಬಾಲಿಗೆ ಹೋಗೋಣ, ಅಲ್ಲೂ ಅವತ್ತೇ ಹಬ್ಬ" ಅಂದೆ. "ಅಲ್ಲೂ ಶಾಲಿವಾಹನ ಶಕೆನಾ? ಸುಮ್ನಿರೋ" ಅಂದರು ಅಮ್ಮ. ಆದರೆ ಅವರ ದನಿಯಲ್ಲಿ ಆಸೆ ಕೇಳಿಸಿತ್ತು. ಅಪ್ಪ ಹೋದಮೇಲೆ ಮನೆಯಲ್ಲಿ ಯುಗಾದಿಯ ದಿನ ಪಂಚಾಂಗ ಓದುವವರಿರಲಿಲ್ಲ. ಆ ದಿನ ಮನೆಯಲ್ಲಿರುವುದೇ ಅವರಿಗೆ ಕಷ್ಟವಾಗುತ್ತಿತ್ತು.

2024ರ ಯುಗಾದಿ ಏಪ್ರಿಲ್ 9ಕ್ಕೆ. ರಜೆ ಹಾಕಿದೆ, ಟಿಕೆಟ್ ತೆಗೆದೆ. ಹೊರಡಲು ಇನ್ನು ಹದಿನೈದು ದಿನ ಇರುವಾಗ, ಇಳಿದುಕೊಳ್ಳಬೇಕಿದ್ದ ಮನೆಯವರಿಗೆ ನ್ಯೆಪಿಯ ದಿನ ಊಟದ ವ್ಯವಸ್ಥೆ ಹೇಗೆ ಅಂತ ಮೇಲ್ ಬರೆದೆ. ಒಂದೇ ಸಾಲಿನ ಉತ್ತರ ಬಂತು: ನ್ಯೆಪಿ ಮಾರ್ಚ್ 11ಕ್ಕೇ ಮುಗಿದುಹೋಯಿತು, ಮುಂದಿನ ವರ್ಷ ಬನ್ನಿ. ಟಿಕೆಟ್ ರದ್ದು ಮಾಡಿದಾಗ ಅರ್ಧ ದುಡ್ಡೂ ವಾಪಸ್ ಬರಲಿಲ್ಲ. ಅಮ್ಮ ಬೈಯಲಿಲ್ಲ, "ಪಂಚಾಂಗ ನೋಡ್ದೆ ಹೊರಟ್ರೆ ಹೀಗೇ" ಅಂದರು ಅಷ್ಟೆ. ಅದೇ ಹೆಚ್ಚು ಚುಚ್ಚಿತು.

ಆಮೇಲೆ ಪಂಚಾಂಗ ನೋಡಲು ಕೂತೆ. ಶಕ ಒಂದೇ, ಕಾಲಮಾಪನದ ಯಂತ್ರ ಬೇರೆ. ಚಾಂದ್ರಮಾನದ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದನ್ನು ಸರಿದೂಗಿಸಲು ಅಧಿಕ ಮಾಸ ಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಯೊಳಗೆ ಸಂಕ್ರಮಣ ಬರದ ತಿಂಗಳೇ ನಮ್ಮಲ್ಲಿ ಅಧಿಕ. ಹಾಗಾಗಿ 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂದು ಯುಗಾದಿ ಏಪ್ರಿಲ್‌ಗೆ ಜಾರಿತು. ಬಾಲಿಯವರೂ 19 ವರ್ಷಕ್ಕೆ 7 ಅಧಿಕ ಮಾಸ ಸೇರಿಸುತ್ತಾರೆ, ಆದರೆ ತಮ್ಮದೇ ಸೂತ್ರದ ಪ್ರಕಾರ. ಆ ಸಲದ್ದನ್ನು ಅವರು ಸೇರಿಸಿದ್ದು 2024ರ ನ್ಯೆಪಿ ಕಳೆದ ಮೇಲೆ. ತಿಥಿ ಎಣಿಸುವುದರಲ್ಲೂ ವ್ಯತ್ಯಾಸವಿದೆ. ನಾವು ಸೂರ್ಯೋದಯಕ್ಕೆ ಯಾವ ತಿಥಿ ಅಂತ ನೋಡುತ್ತೇವೆ. ಅವರಲ್ಲಿ ಪ್ರತಿ 63 ದಿನಕ್ಕೊಮ್ಮೆ ಒಂದೇ ದಿನಕ್ಕೆ ಎರಡು ತಿಥಿ, ಅಲ್ಲಿಗೆ ಲೆಕ್ಕ ಸರಿ. ಶುದ್ಧ ಇಂಟಿಜರ್ ಗಣಿತ! ಹೀಗಾಗಿ ಎರಡು ಹಬ್ಬಗಳು ಕೆಲವೊಮ್ಮೆ ಒಂದೇ ದಿನ, ಕೆಲವೊಮ್ಮೆ ಒಂದು ದಿನದ ಅಂತರ, ಕೆಲವೊಮ್ಮೆ ಒಂದು ತಿಂಗಳ ಅಂತರ.

ಇಷ್ಟೇ ಅಲ್ಲ, ಶಕದ ಪಕ್ಕದಲ್ಲೇ ಅವರಿಗೆ 210 ದಿನದ ಇನ್ನೊಂದು ಪಂಚಾಂಗವೂ ಇದೆ. ಚಂದ್ರನ ಹಂಗಿಲ್ಲದ, ಬರೀ ವಾರಗಳ ಸುತ್ತು. ಬೀದಿಯುದ್ದಕ್ಕೂ ಬಾಗಿದ ಬಿದಿರಿನ ಗಳುಗಳನ್ನು ನಿಲ್ಲಿಸುವ ಗಲುಂಗನ್ ಹಬ್ಬ ಬರುವುದು ಇದರ ಪ್ರಕಾರ. 2025ರಲ್ಲಿ ಏಪ್ರಿಲ್ 23ಕ್ಕೆ ಒಂದು, ನವೆಂಬರ್ 19ಕ್ಕೆ ಇನ್ನೊಂದು. ಹಬ್ಬ ನೋಡಿಕೊಂಡು ಬಾಲಿಗೆ ಹೋಗುವವರು ಈ ಎರಡೂ ಪಂಚಾಂಗ ನೋಡಿಯೇ ರಜೆ ಹಾಕಬೇಕು.

ಮುಂದಿನ ವರ್ಷ, 2025ರಲ್ಲಿ, ನ್ಯೆಪಿ ಮಾರ್ಚ್ 29 ಶನಿವಾರ, ಯುಗಾದಿ 30 ಭಾನುವಾರ. ಈ ಸಲ ಮೂರು ಕಡೆ ಪರೀಕ್ಷಿಸಿ, ಆ ಮನೆಯವರನ್ನೂ ಕೇಳಿ ಟಿಕೆಟ್ ತೆಗೆದೆ. ಉಳಿದುಕೊಂಡಿದ್ದು ದ್ವೀಪದ ಆಗ್ನೇಯ ದಡದ ಸಾನೂರಿನಲ್ಲಿ. (ಕಾರ್ಕಳದ ಹತ್ತಿರದ ಸಾಣೂರಲ್ಲ :) ) ಆರಿಸಿಕೊಂಡಿದ್ದು ಮನೆ ಅಗ್ಗವಾಗಿತ್ತು ಅಂತ. ಆದರೆ ಅಲ್ಲಿದ್ದ ಐದು ದಿನದಲ್ಲಿ, ಬಾಲಿಯ ಸಾವಿರ ವರ್ಷದ ಚರಿತ್ರೆಯಲ್ಲಿ ಬಹಳಷ್ಟು ಈ ಒಂದೇ ದಡಕ್ಕೆ ಬಂದು ಇಳಿದಿದೆ ಅನ್ನಿಸಿತು.

ಮೊದಲು ನೋಡಿದ್ದು ಬ್ಲಾಂಜೊಂಗ್ ಕಂಬ. ಸಾನೂರಿನ ದಕ್ಷಿಣಕ್ಕೆ ಒಂದು ಪುಟ್ಟ ಗುಡಿಯ ಆವರಣದಲ್ಲಿ, ಗಾಜಿನ ಹಿಂದೆ ನಿಂತಿರುವ ಆಳೆತ್ತರದ ಕಲ್ಲು. ಶ್ರೀ ಕೇಸರಿ ವರ್ಮದೇವ ಅನ್ನುವ ರಾಜ ತನ್ನ ಗೆಲುವುಗಳನ್ನು ಕೆತ್ತಿಸಿದ್ದು. ಇದರ ತಮಾಷೆ ಏನೆಂದರೆ, ಸಂಸ್ಕೃತದ ಭಾಗ ಸ್ಥಳೀಯ ಲಿಪಿಯಲ್ಲಿದೆ, ಹಳೆಯ ಬಾಲಿ ಭಾಷೆಯ ಭಾಗ ನಾಗರಿ ಬಗೆಯ ಲಿಪಿಯಲ್ಲಿದೆ! ವರ್ಷವನ್ನು ಅಂಕಿಯಲ್ಲಿ ಹೇಳಿಲ್ಲ, ಬಾಣ, ಬೆಂಕಿ, ಮೂರ್ತಿ ಅನ್ನುವ ಅರ್ಥದ ಪದಗಳಲ್ಲಿ ಹೇಳಿದೆ. ಬಾಣ ಐದು, ಬೆಂಕಿ ಮೂರು, ಶಿವನ ಮೂರ್ತಿ ಎಂಟು. ಹಿಂದಿನಿಂದ ಓದಿದರೆ 835. (ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಲಿಟಲ್ ಎಂಡಿಯನ್.) ಶಕ 835, ಫಾಲ್ಗುಣ ಮಾಸ, ಅಂದರೆ ಕ್ರಿ.ಶ. 914. ಆಗ ನಮ್ಮಲ್ಲಿ ರಾಷ್ಟ್ರಕೂಟರ ಕಾಲ, ಪಂಪನಿಗೆ ಹನ್ನೆರಡರ ಆಸುಪಾಸು.

ಈ ಲೆಕ್ಕ ನಮಗೆ ಹೊಸದೇನಲ್ಲ. ಬಾದಾಮಿಯ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಬರೆಸಿದ್ದು ಶಕ 465, ಕ್ರಿ.ಶ. 543ರಲ್ಲಿ. ಅಲ್ಲಿಂದ ಮುಂದೆ ನಮ್ಮ ಶಾಸನಗಳ ತುಂಬ ಶಕವರ್ಷವೇ. ಹಡಗಿನಲ್ಲಿ ಹೋದ ವ್ಯಾಪಾರಿಗಳು, ಪಂಡಿತರು ಎಣಿಕೆಯನ್ನೂ ಜೊತೆಗೆ ಒಯ್ದಿದ್ದರು. ಜಾವಾದಲ್ಲಿ 17ನೇ ಶತಮಾನದಲ್ಲಿ ಸುಲ್ತಾನ ಅಗುಂಗ್ ಶಕದ ಅಂಕಿಯನ್ನು ಉಳಿಸಿಕೊಂಡು ತಿಂಗಳುಗಳನ್ನು ಇಸ್ಲಾಮಿ ಚಾಂದ್ರಮಾನಕ್ಕೆ ಬದಲಿಸಿದ. ಬಾಲಿಯಲ್ಲಿ ಶಕ ಹಾಗೇ ಉಳಿಯಿತು. ಅಮ್ಮ ಆ ಗಾಜಿಗೆ ಮೂಗು ತಾಗಿಸಿ ನಿಂತು, ಓದಲು ಬಾರದ ಅಕ್ಷರಗಳನ್ನು ತುಂಬ ಹೊತ್ತು ನೋಡಿದರು. "ನಿಮ್ಮಪ್ಪಂಗೆ ತೋರಿಸ್ಬೇಕಿತ್ತು" ಅಂದರು.

ಇದೇ ದಡದಲ್ಲಿ 1906ರ ಸೆಪ್ಟೆಂಬರಿನಲ್ಲಿ ಡಚ್ ಸೈನ್ಯ ಇಳಿಯಿತು. ನೆಪ ಸಣ್ಣದು. 1904ರಲ್ಲಿ ಸಾನೂರಿನ ಹತ್ತಿರ ಒಡೆದ ಚೀನೀ ವ್ಯಾಪಾರಿಯ ಹಡಗನ್ನು ಊರವರು ಲೂಟಿ ಮಾಡಿದರು ಅಂತ ದೂರು ಬಂದಿತ್ತು. ಪರಿಹಾರ ಕೊಡಲು ಬಾದುಂಗಿನ ರಾಜ ಒಪ್ಪಲಿಲ್ಲ. ಸೆಪ್ಟೆಂಬರ್ 20ರಂದು ಡಚ್ಚರು ದೆನ್‌ಪಸಾರದ ಅರಮನೆಯ ಹತ್ತಿರ ಬಂದಾಗ ರಾಜ ಪಲ್ಲಕ್ಕಿಯಲ್ಲಿ ಹೊರಬಂದ. ಜೊತೆಗೆ ಹೆಂಗಸರು, ಮಕ್ಕಳು, ಪುರೋಹಿತರು, ಎಲ್ಲರೂ ಬಿಳಿ ಬಟ್ಟೆಯಲ್ಲಿ, ಒಡವೆ ಹಾಕಿಕೊಂಡು, ಕೈಯಲ್ಲಿ ಕ್ರಿಸ್ ಅನ್ನುವ ಬಾಕು ಹಿಡಿದು. ಗುಂಡಿಗೆ ಎದೆಯೊಡ್ಡಿದರು, ಉಳಿದವರು ತಮ್ಮನ್ನು ತಾವೇ ಇರಿದುಕೊಂಡರು. ಇದಕ್ಕೆ ಅವರ ಭಾಷೆಯಲ್ಲಿ ಪುಪುತಾನ್ ಅಂತಾರೆ, ಕೊನೆಯವರೆಗೆ ಅಂತ ಅರ್ಥ. 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿ ಇನ್ನೊಂದು ನಡೆದ ಮೇಲೆ ಇಡೀ ದ್ವೀಪ ಡಚ್ಚರ ಕೈಗೆ ಹೋಯಿತು.

ಅದಾದ ಮೇಲಿನ ಕಥೆ ಕೇಳಿ. ಈ ರಕ್ತಪಾತದ ಸುದ್ದಿ ಯೂರೋಪಿನಲ್ಲಿ ಹಬ್ಬಿ ಡಚ್ಚರಿಗೆ ಮುಖಭಂಗವಾಗಿತ್ತು. ಹಾಗಾಗಿ ಬಾಲಿಯ ಸಂಸ್ಕೃತಿಯನ್ನು ಕಾಪಾಡುವವರು ತಾವೇ ಅಂತ ತೋರಿಸಿಕೊಳ್ಳತೊಡಗಿದರು. ಅವರ ಹಡಗು ಕಂಪನಿಯೇ ಪ್ರವಾಸಿಗಳನ್ನು ತಂದಿಳಿಸಿತು. ಅದೇ ದೆನ್‌ಪಸಾರದಲ್ಲಿ, ಪುಪುತಾನ್ ನಡೆದ 22 ವರ್ಷಕ್ಕೆ, 1928ರಲ್ಲಿ ಬಾಲಿ ಹೋಟೆಲ್ ಬಾಗಿಲು ತೆರೆಯಿತು. ಅತಿಥಿಗಳಿಗೆ ಅಲ್ಲಿ ನೃತ್ಯ ಪ್ರದರ್ಶನ. ನೂರು ಗಂಡಸರು ಸುತ್ತ ಕೂತು 'ಚಕ್ ಚಕ್' ಅನ್ನುವ ಕೆಚಕ್, ರಾಮಾಯಣದ ಪ್ರಾಚೀನ ನೃತ್ಯ ಅಂತ ನಾವೆಲ್ಲ ವೀಡಿಯೋ ಹಂಚಿಕೊಳ್ಳುತ್ತೇವಲ್ಲ, ಅದು ಈ ರೂಪ ಪಡೆದಿದ್ದು 1930ರ ದಶಕದಲ್ಲಿ. ದೇವರು ಮೈಮೇಲೆ ಬರುವ ಸಂಗ್ಯಾಂಗ್ ಆಚರಣೆಯ ಗಂಡಸರ ಮೇಳವನ್ನು ತೆಗೆದುಕೊಂಡು ಅದಕ್ಕೆ ರಾಮನ ಕಥೆ ಜೋಡಿಸಿದ್ದರಲ್ಲಿ ನರ್ತಕ ವಯನ್ ಲಿಂಬಾಕ್ ಮತ್ತು ಜರ್ಮನ್ ಚಿತ್ರಕಾರ ವಾಲ್ಟರ್ ಸ್ಪೀಸ್ ಅವರ ಪಾಲಿದೆ. ಇದನ್ನು ಓದಿದಾಗ ಮೋಸ ಹೋದೆ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಕುಣಿಯುವವರು ಅವರೇ, ಸಂಪಾದನೆಯೂ ಬಹುಮಟ್ಟಿಗೆ ಹಳ್ಳಿಗೇ ಹೋಗುತ್ತದೆ.

ಸಾನೂರಿನ ದಡದಲ್ಲಿ ಹತ್ತು ಮಹಡಿಯ ಒಂದು ಹೋಟೆಲಿದೆ. ಯುದ್ಧಪರಿಹಾರವಾಗಿ ಜಪಾನ್ ಕೊಟ್ಟ ಹಣದಲ್ಲಿ ಸುಕರ್ಣೊ ಕಟ್ಟಿಸಿದ ಬಾಲಿ ಬೀಚ್ ಹೋಟೆಲ್. ಅದನ್ನು ನೋಡಿ ಬೇಸರವಾದ ಮೇಲೆಯೇ ಕಟ್ಟಡಗಳು ತೆಂಗಿನಮರಕ್ಕಿಂತ ಎತ್ತರ ಇರಬಾರದು, ಅಂದರೆ 15 ಮೀಟರ್ ಮೀರಬಾರದು ಅನ್ನುವ ನಿಯಮ ಬಂತು ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚು ಹೇಳದ ಮಾತು ಇನ್ನೊಂದಿದೆ. ಅದು ಶುರುವಾಗಿದ್ದು 1966ರಲ್ಲಿ. ಅದಕ್ಕೂ ಮುಂಚೆ, 1965ರ ಡಿಸೆಂಬರಿನಿಂದ ಕೆಲವೇ ತಿಂಗಳಲ್ಲಿ, ಕಮ್ಯುನಿಸ್ಟರು ಅನ್ನುವ ಹಣೆಪಟ್ಟಿ ಹಚ್ಚಿ ಬಾಲಿಯಲ್ಲಿ ಕೊಂದವರ ಸಂಖ್ಯೆ ಸುಮಾರು 80,000 ಅಂತ ಅಂದಾಜು. ದ್ವೀಪದ ಪ್ರತಿ ಇಪ್ಪತ್ತು ಜನರಲ್ಲಿ ಒಬ್ಬರು. 'ಶಾಂತ ದ್ವೀಪಕ್ಕೆ ಬನ್ನಿ' ಅನ್ನುವ ಜಾಹೀರಾತಿನ ಕೆಳಗೆ ಇದು ಮುಚ್ಚಿಹೋಯಿತು. 1969ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬಂದಮೇಲೆ ಜನ ಬರುವುದು ತುಂಬ ಏರಿದೆ. 2024ರಲ್ಲಿ 60 ಲಕ್ಷಕ್ಕೂ ಹೆಚ್ಚು ವಿದೇಶೀಯರು ಬಂದರು.

ಬಾಲಿಯವರು ಸುಮ್ಮನೆ ಕೂತಿರಲಿಲ್ಲ ಅನ್ನುವುದು ನನಗೆ ಇಷ್ಟವಾದ ಭಾಗ. 1971ರಲ್ಲಿ ಪಂಡಿತರು, ಕಲಾವಿದರು ಸೇರಿ ವಿಚಾರ ಸಂಕಿರಣ ನಡೆಸಿ ನೃತ್ಯಗಳನ್ನು ಮೂರಾಗಿ ವಿಂಗಡಿಸಿದರು. ಗುಡಿಯ ಒಳಗಿನ ಪವಿತ್ರವಾದವು, ಪೂಜೆಗೆ ಜೊತೆಯಾಗುವಂಥವು, ನೋಡುವವರಿಗಾಗಿ ಇರುವಂಥವು. ಮೊದಲನೆಯದು ಮಾರಾಟಕ್ಕಿಲ್ಲ. ಗೆರೆ ನೇರವಾಗೇನೂ ಉಳಿಯಲಿಲ್ಲ, ಆದರೆ ಎಳೆದರಲ್ಲ! 1979ರಲ್ಲಿ ರಾಜ್ಯಪಾಲ ಇಡಾ ಬಾಗುಸ್ ಮಂತ್ರ ಅವರು ಬಾಲಿ ಕಲಾ ಉತ್ಸವ ಶುರು ಮಾಡಿದರು. ಪ್ರತಿ ವರ್ಷ ಜೂನ್ ಮಧ್ಯದಿಂದ ಒಂದು ತಿಂಗಳು ದೆನ್‌ಪಸಾರದಲ್ಲಿ ನಡೆಯುವ ಇದಕ್ಕೆ ನೋಡಲು ಬರುವವರಲ್ಲಿ ಬಾಲಿಯವರೇ ಹೆಚ್ಚು. ಈ ಮಂತ್ರ ಓದಿದ್ದು ಶಾಂತಿನಿಕೇತನದ ವಿಶ್ವಭಾರತಿಯಲ್ಲಿ. ರವೀಂದ್ರನಾಥ ಠಾಕೂರರು 1927ರಲ್ಲಿ ಬಾಲಿಗೆ ಬಂದಿದ್ದಾಗ ಅಲ್ಲಿನ ಒಬ್ಬ ರಾಜನ ಜೊತೆ ಕಾರಿನಲ್ಲಿ ಹೋಗುತ್ತಿದ್ದರಂತೆ. ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಕಡಲು ಕಂಡಾಗ ರಾಜ ಅದಕ್ಕಿರುವ ಸಂಸ್ಕೃತ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದನಂತೆ, ನಮ್ಮ ಹಿರಿಯರು ಅಮರಕೋಶ ಒಪ್ಪಿಸುತ್ತಿದ್ದ ಹಾಗೆ.

ನ್ಯೆಪಿಗೆ ಮುಂಚಿನ ದಿನಗಳಲ್ಲಿ ದೇವರುಗಳನ್ನು ಕಡಲಿಗೆ ಒಯ್ಯುವ ಮೆಲಸ್ತಿ. ಸಾನೂರಿನ ದಡದ ತುಂಬ ಬಿಳಿ ಬಟ್ಟೆ, ಹಳದಿ ಛತ್ರಿ. 28ರ ಸಂಜೆ ದೆನ್‌ಪಸಾರಕ್ಕೆ ಹೋದೆವು. ಪುಪುತಾನ್ ನಡೆದ ಜಾಗ ಈಗ ಒಂದು ಮೈದಾನ, ಪಕ್ಕದ ವೃತ್ತದಲ್ಲಿ ನಾಲ್ಕು ಮುಖದ ದೊಡ್ಡ ವಿಗ್ರಹ. ಅಲ್ಲಿ ಕೇರಿ ಕೇರಿಯ ಹುಡುಗರು ಬಿದಿರಿನ ಚೌಕಟ್ಟಿನ ಮೇಲೆ ಎರಡಾಳೆತ್ತರದ ಭೂತಗಳನ್ನು ಹೊತ್ತು ತಿರುಗಿಸುತ್ತಾರೆ, ಇವೇ ಓಗೊ-ಓಗೊ. ಇದೂ ಹಳೆಯದಲ್ಲ. 1983ರಲ್ಲಿ ನ್ಯೆಪಿಗೆ ಇಂಡೋನೇಷ್ಯಾ ಸರ್ಕಾರ ರಾಷ್ಟ್ರೀಯ ರಜೆ ಕೊಟ್ಟಿತು. ಈ ಮೆರವಣಿಗೆ ಬೆಳೆದದ್ದು ಸುಮಾರು ಆ ಹೊತ್ತಿನಿಂದ ಈಚೆಗೆ. ಗದ್ದಲ ಅಂದರೆ ಗದ್ದಲ. ಅಮ್ಮ ಕಿವಿ ಮುಚ್ಚಿಕೊಂಡೇ ನಗುತ್ತಿದ್ದರು.

ಬೆಳಗ್ಗೆ ಆರಕ್ಕೆ ಎಲ್ಲ ನಿಂತಿತು. ಬೆಂಕಿ ಇಲ್ಲ, ಕೆಲಸ ಇಲ್ಲ, ಪ್ರಯಾಣ ಇಲ್ಲ, ಮನರಂಜನೆ ಇಲ್ಲ. ಮೊದಲ ಎರಡನ್ನು ಅವರು ಅಮತಿ ಗೆನಿ, ಅಮತಿ ಕರ್ಯ ಅಂತಾರೆ. 'ಗೆನಿ'ಯಲ್ಲಿ ಅಗ್ನಿ, 'ಕರ್ಯ'ದಲ್ಲಿ ಕಾರ್ಯ ಕೇಳಿಸುತ್ತದೆ ನೋಡಿ. ವಿಮಾನ ನಿಲ್ದಾಣ 24 ಗಂಟೆ ಮುಚ್ಚುತ್ತದೆ, ಜಾವಾಕ್ಕೆ ಹೋಗುವ ದೋಣಿಗಳಿಲ್ಲ. 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ಆ ದಿನ ಕಡಿಯುತ್ತಾರೆ. ಹೋಟೆಲಿನವರು ಅತಿಥಿಗಳನ್ನು ಬೀದಿಗೆ ಬಿಡುವಂತಿಲ್ಲ. ಪೆಚಲಂಗ್ ಅನ್ನುವ ಊರ ಕಾವಲುಗಾರರು ಮಾತ್ರ ತಿರುಗುತ್ತಾರೆ. ನೂರು ವರ್ಷದಿಂದ ಹೊರಗಿನವರು ನೋಡಲು ಬರುತ್ತಿರುವ ದ್ವೀಪ ವರ್ಷಕ್ಕೊಂದು ದಿನ ನೋಡಲು ಏನೂ ಇಡುವುದಿಲ್ಲ.

ರಾತ್ರಿ ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕತ್ತಲಲ್ಲೇ ತಣ್ಣಗಿನ ಅನ್ನ ತಿಂದು ಅಂಗಳದಲ್ಲಿ ಕೂತೆವು. ಮೋಡ ಸರಿದಾಗ ಕಂಡಷ್ಟು ನಕ್ಷತ್ರಗಳನ್ನು ನಾನು ಬೆಂಗಳೂರಿನಲ್ಲಿ ಯಾವತ್ತೂ ಕಂಡಿಲ್ಲ. ಅಮ್ಮ ಪಿಸುಮಾತಿನಲ್ಲಿ ಅಪ್ಪನ ಬಗ್ಗೆ ಮಾತಾಡಿದರು. ಹೋದಮೇಲೆ ಮೊದಲ ಸಲ ಅಷ್ಟು ಹೊತ್ತು.

ಭಾನುವಾರ ಬೆಳಗ್ಗೆ ನಮ್ಮ ಯುಗಾದಿ, ವಿಶ್ವಾವಸು ಸಂವತ್ಸರ, ಶಕ 1947. ಬೆಲ್ಲ ಊರಿಂದ ತಂದಿದ್ದೆವು, ಬೇವು ಮರೆತಿದ್ದೆವು. ಅಮ್ಮ ಸನ್ನೆ ಮಾಡಿ, ಮುಖ ಕಹಿ ಮಾಡಿ ತೋರಿಸಿದ ಮೇಲೆ ಮನೆಯಾಕೆಗೆ ಅರ್ಥವಾಯಿತು. "ಇಂತರನ್!" ಅಂದರು. ಬೇವಿಗೆ ಅಲ್ಲಿನ ಹೆಸರು ಅದು, ಸಾನೂರಿನ ಒಂದು ಭಾಗದ ಹೆಸರೂ ಅದೇ. ಹಿಂದಿನ ಬೀದಿಯಿಂದ ಒಂದು ಕುಡಿ ತಂದುಕೊಟ್ಟರು. ಅವರಿಗೂ ಬೇವು-ಬೆಲ್ಲ ಕೊಟ್ಟೆವು. ತಿಂದು ಮುಖ ಹಿಂಡಿದರು, ಅಮ್ಮನೂ ಹಿಂಡಿದರು. ಗೋಡೆಯ ಕ್ಯಾಲೆಂಡರಿನಲ್ಲಿ 1947 ಅಂತ ಅಂಕಿ ತೋರಿಸಿ ಅಮ್ಮ ನನ್ನ ಕಡೆ ತಿರುಗಿದರು. "ಇವ್ರಿಗೆ ನಿನ್ನೆನೇ ಆಗೋಗಿದೆ ಕಣೋ, ನಾವೇ ಒಂದಿನ ಲೇಟು."